ಕ್ಲೌಡ್ ಸಾಹೇಬರ ಬಡ್ತಿಗಳು

"ರೀ, ಫೋನ್ ಚಾರ್ಜಿಗೆ ಹಾಕಿ, ಆಫೀಸಿನವರು ಕಾಯ್ತಿರ್ತಾರೆ."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಹಾಕಿ ಬಂದೆ. ಅಷ್ಟರಲ್ಲಿ ಹೋಗಿಬಿಟ್ಟಿದ್ದಳು.

ಅವಳು ಜನನ ಮರಣ ನೋಂದಣಿ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದಳು. ಆ ಕಚೇರಿಯ ಸಂಪೂರ್ಣ ಹೊಣೆಗಾರ್ತಿಯೂ ಅವಳೇ. ಎರಡೂ ನಿಜ. ನಾನು ಹಾಸಿಗೆಗೆ ಹತ್ತಿ ತುಂಬುವವನು. ಓದಿದ್ದು ಕಡಿಮೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆ ಕಚೇರಿಗೆ ತಂತ್ರಜ್ಞಾನದ ಸಲಹೆಗಾರರು ಅಂತ ಒಬ್ಬ ಸಾಹೇಬರು ಬಂದರು. ಕಪಾಟುಗಳನ್ನೆಲ್ಲ ತೋರಿಸಿ, "ಇನ್ನು ಇದ್ಯಾವುದೂ ಇಲ್ಲಿರಲ್ಲ, ಎಲ್ಲಾ ಕ್ಲೌಡಲ್ಲಿರುತ್ತೆ" ಅಂದರು.

"ಅದು ಎಲ್ಲಿದೆ ಸಾರ್?" ಕ್ಲರ್ಕ್ ಮೇಡಂ ಕೇಳಿದರು.

"ಎಲ್ಲಿದೆ ಅಂತ ಯಾರಿಗೂ ಗೊತ್ತಿರಲ್ಲ. ಅದೇ ಅದರ ವಿಶೇಷ."

ಅವತ್ತಿನಿಂದ ಅವರು ಕ್ಲೌಡ್ ಸಾಹೇಬರು. ಕಪಾಟುಗಳು ಹೋದವು. ದೂರಿನ ಪೆಟ್ಟಿಗೆಯನ್ನು ಒಂದು ಕಪಾಟಿಗೆ ಮೊಳೆ ಹೊಡೆದು ಕೂರಿಸಿದ್ದರು, ಅದೂ ಜೊತೆಗೆ ಹೋಯಿತು. ದೂರು ಬರುವುದು ನಿಂತಿತು. ಒಂದೂ ದೂರಿಲ್ಲದ ಕಚೇರಿ ಅಂತ ಸಾಹೇಬರಿಗೆ ಮೊದಲನೇ ಬಡ್ತಿ ಬಂತು.

ಕ್ಲೌಡ್ ಶುರು ಮಾಡುವ ದಿನ ಪರದೆ ಮೇಲೆ ಒಂದು ಪ್ರಶ್ನೆ ಬಂತು: ಇದಕ್ಕೆಲ್ಲ ಹೊಣೆ ಯಾರು? ದೊಡ್ಡ ಅಧಿಕಾರಿಗೆ ಹಲ್ಲುನೋವು ಶುರುವಾಯಿತು. ಅವರ ಕೆಳಗಿನವರಿಗೆ ಹೊರಗಡೆ ಯಾರೋ ಕರೆದ ಹಾಗಾಯಿತು. ಹೊಣೆ ಅಂದರೆ ನಾಳೆ ಕೊರಳಪಟ್ಟಿ ಹಿಡಿಯುವವರಿಗೆ ಅನುಕೂಲ ಅಂತ ಎಲ್ಲರಿಗೂ ಗೊತ್ತು. ನನ್ನವಳು ಅಲ್ಲೇ ನೆಲ ಒರೆಸುತ್ತಿದ್ದಳು.

"ಅಮ್ಮಾ, ನಿನ್ನ ಹತ್ರ ಫೋನ್ ಇದ್ಯಾ?" ಸಾಹೇಬರು ಕೇಳಿದರು.

"ಇದೆ ಸಾರ್. ಗಾಜು ಒಡೆದಿದೆ."

"ಪರವಾಗಿಲ್ಲ."

ಅವಳ ಹೆಸರು, ಅವಳ ಮುಖ, ಅವಳ ಫೋನು ಕ್ಲೌಡಿಗೆ ಸೇರಿದವು. ಆಮೇಲೆ ಊರಲ್ಲಿ ಯಾರು ಹುಟ್ಟಿದರೂ ಸತ್ತರೂ ಅವಳ ಫೋನಿಗೆ ಒಂದು ನಂಬರು ಬರುತ್ತಿತ್ತು. ಕಚೇರಿಯವರು ಕರೆ ಮಾಡಿ ಕೇಳುತ್ತಿದ್ದರು. ಅವಳು ಒಲೆ ಮುಂದೆ ನಿಂತು ಓದಿ ಹೇಳುತ್ತಿದ್ದಳು. ಆಗ ದಾಖಲಾಗುತ್ತಿತ್ತು. ಅವಳಿಗೆ ಜ್ವರ ಬಂದ ವಾರ ಊರಲ್ಲಿ ಒಂದು ಮಗುವೂ ಹುಟ್ಟಲಿಲ್ಲ. ಸಾಹೇಬರು ಎಲ್ಲೋ ವೇದಿಕೆ ಹತ್ತಿ ಇದಕ್ಕೆ "ಮಾನವಕೇಂದ್ರಿತ ಬಹುಹಂತದ ಭದ್ರತೆ" ಅಂತ ಹೆಸರಿಟ್ಟರು. ಎರಡನೇ ಬಡ್ತಿ ಬಂತು. ನಾವೀನ್ಯ ವಿಭಾಗದ ಮುಖ್ಯಸ್ಥರಾದರು.

ಆಮೇಲೆ ಅವಳು ಸತ್ತಳು.

ಹೂಳುವುದಕ್ಕೆ ಆಸ್ಪತ್ರೆ ಚೀಟಿ ಸಾಕಾಯಿತು. ಕಲ್ಲು ನಿಲ್ಲಿಸುವುದಕ್ಕೆ ಮರಣ ಪತ್ರ ಬೇಕು ಅಂತ ಸ್ಮಶಾನದ ಕಾವಲುಗಾರ ಹೇಳಿದ. "ಬೇಗ ತನ್ನಿ ಯಜಮಾನ್ರೇ. ಕಲ್ಲಿಲ್ಲದ ಜಾಗ ಮಳೆಗಾಲ ಮುಗಿದ ಮೇಲೆ ಬೇರೆಯವರಿಗೆ ಕೊಟ್ಬಿಡ್ತಾರೆ."

ಆಗಲೇ ಮಳೆ ಕಡಿಮೆಯಾಗುತ್ತಿತ್ತು. ಕಚೇರಿಗೆ ಹೋದೆ. ಕ್ಲರ್ಕ್ ಮೇಡಂ ಅತ್ತರು. ಅಳುತ್ತಲೇ ಅವಳ ಹೆಸರು ಒತ್ತಿದರು. ನನ್ನ ಜೇಬಿನಲ್ಲಿದ್ದ ಅವಳ ಫೋನಿಗೆ ನಂಬರು ಬಂತು. ಓದಿ ಹೇಳಿದೆ. ಪರದೆ ಮೇಲೆ ಹೀಗೆ ಬಂತು: "ಹೊಣೆಗಾರರು ಮೃತರಾಗಲು ಅವಕಾಶವಿರುವುದಿಲ್ಲ."

"ಹೊಣೆ ಬೇರೆಯವರಿಗೆ ಹಾಕಿ" ಅಂದೆ.

"ಅದಕ್ಕೆ ಈಗಿನ ಹೊಣೆಗಾರರೇ ಖುದ್ದಾಗಿ ಬಂದು ಮುಖ ತೋರಿಸ್ಬೇಕು ಅಣ್ಣ."

ಸಾಹೇಬರಿಗೆ ಸುದ್ದಿ ಹೋಯಿತು. ಸಂಜೆಯೊಳಗೆ ಗೋಡೆ ಮೇಲೆ ಸೂಚನೆ ಅಂಟಿಸಿದರು:

"ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಮಹಿಳೆಯ ಮರಣವನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಮುಂದೂಡಲಾಗಿದೆ. ಆಕೆ ಮೃತರಾಗಿರುವ ಅವಧಿಯನ್ನು ಕರ್ತವ್ಯದ ಅವಧಿಯೆಂದೇ ಪರಿಗಣಿಸತಕ್ಕದ್ದು. ಈ ಸಂಬಂಧ ಯಾರೂ ಸಂತಾಪ ಸೂಚಿಸಬಾರದು."

ಮೇಡಂ ಕಣ್ಣೊರೆಸಿಕೊಂಡರು.

ನಾನು ದಿನಾ ಹೋಗಿ ಕಚೇರಿ ಬಾಗಿಲಲ್ಲಿ ಕೂತೆ. ಬೇರೆಯವರ ಸಾವಿಗೆಲ್ಲ ಅಲ್ಲಿಂದಲೇ ನಂಬರು ಹೇಳುತ್ತಿದ್ದೆ. ಕೊನೆಗೆ ಸಾಹೇಬರೇ ಒಳಗೆ ಕರೆದು, ಕುರ್ಚಿ ಕೊಟ್ಟು, ಬಿಳಿ ಬೋರ್ಡಿನ ಮೇಲೆ ಎರಡು ಸೊನ್ನೆ ಸುತ್ತಿದರು.

"ನೋಡಿ, ನಾವು ಸಮಸ್ಯೆನ ಬಿಡಿಸಿ ನೋಡ್ಬೇಕು. ನಿಮಗೆ ಬೇಕಾಗಿರೋದು ಏನು?"

"ಅವಳ ಜಾಗ ಸಾರ್."

"ಜಾಗಕ್ಕೆ?"

"ಕಲ್ಲು."

"ಕಲ್ಲಿಗೆ ಮರಣ ಪತ್ರ. ಪತ್ರಕ್ಕೆ ಒಂದು ಮರಣ. ಮನೇಲಿ ಇರೋದು ಇಬ್ಬರು. ನಿಮ್ಮ ಹೆಂಡತಿಗೆ ಆಗಲ್ಲ." ಒಂದು ಸೊನ್ನೆಯನ್ನು ಒರೆಸಿದರು. ಉಳಿದದ್ದು ನಾನು.

"ಸಾರ್, ಇವರು ಬದುಕಿದ್ದಾರಲ್ಲ?" ಮೇಡಂ ಮೆಲ್ಲಗೆ ಕೇಳಿದರು.

"ಅದನ್ನ ಕ್ಲೌಡ್ ಕೇಳಲ್ಲ."

ಯೋಚನೆ ಮಾಡಿದೆ. ಹೊರಗೆ ಬಿಸಿಲು ಬಿದ್ದಿತ್ತು. ಮಳೆಗಾಲ ಮುಗಿದ ಹಾಗೆಯೇ ಇತ್ತು. "ಆಗ್ಲಿ ಸಾರ್" ಅಂದೆ.

ಮೇಡಂ ನನ್ನ ಹೆಸರು ಒತ್ತಿದರು. ಜೇಬಿನಲ್ಲಿ ಫೋನು ನಡುಗಿತು. ನನ್ನ ಸಾವಿನ ನಂಬರನ್ನು ನಾನೇ ನಿಧಾನವಾಗಿ ಓದಿ ಹೇಳಿದೆ. "ಆಯ್ತಣ್ಣ" ಅಂತ ಮೇಡಂ ಹೇಳಿ ಟೀ ತರಿಸಿದರು. ಸಾಹೇಬರು ಈ ಪದ್ಧತಿಗೆ "ಬದಲಿ ಮರಣ" ಅಂತ ಹೆಸರಿಟ್ಟರು. ನಾನು ಟೀ ಕುಡಿದು ಮುಗಿಸುವಷ್ಟರಲ್ಲಿ ಮೂರನೇ ಬಡ್ತಿಯ ಮಾತು ಶುರುವಾಗಿತ್ತು.

ಮನೆಗೆ ಬಂದು, ಸಾವಿಗೆ ಬಂದು ಉಳಿದಿದ್ದ ಬಾಮೈದನಿಗೆ ಪತ್ರ ತೋರಿಸಿದೆ. ಅವನು ಎರಡು ಸಲ ಓದಿದ.

"ಭಾವ, ನೀವು ಬದುಕಿದ್ದಾಗ್ಲೂ ಸಂಸಾರ ನಡೆಸಿದ್ದು ಅಕ್ಕನೇ. ಈಗ ದಾಖಲೆ ಸರಿ ಹೋಯ್ತು ಬಿಡಿ" ಅಂದ. ಆಮೇಲೆ ಹಿತ್ತಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ.

ಪತ್ರದಲ್ಲಿರುವ ಹೆಸರೇ ಕಲ್ಲಿನ ಮೇಲೂ ಇರಬೇಕು ಅನ್ನುವುದು ನಿಯಮ. ಕಲ್ಲು ಕೆತ್ತುವವನು ಏನೂ ಕೇಳದೆ ಸಂಜೆಯೇ ಕೆತ್ತಿ ಕೊಟ್ಟ.

ಮಾರನೇ ದಿನ ಬೆಳಿಗ್ಗೆ ಬಾಮೈದನ ಜೊತೆ ಕಲ್ಲನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಹೋದೆ. ಕಾವಲುಗಾರ ಪತ್ರವನ್ನೂ ಕಲ್ಲನ್ನೂ ಅಕ್ಷರ ಅಕ್ಷರ ಹಿಡಿದು ನೋಡಿದ. "ಸರಿ ಇದೆ" ಅಂದ. ಅವನೇ ಗುಂಡಿ ತೋಡಿಕೊಟ್ಟ. ನನ್ನವಳ ತಲೆಯ ಹತ್ತಿರ ನನ್ನ ಹೆಸರಿನ ಕಲ್ಲು ನಿಂತಿತು. ಅವನು ಟೋಪಿ ತೆಗೆದು ಅದರ ಮುಂದೆ ತಲೆ ತಗ್ಗಿಸಿದ.

"ಏನ್ಮಾಡೋದು ಯಜಮಾನ್ರೇ. ನಿಮ್ಮ ಮನೆಯವ್ರಿಗೆ ಸ್ವಲ್ಪ ಧೈರ್ಯ ಹೇಳಿ."

"ಹೇಳ್ತೀನಪ್ಪ" ಅಂದೆ.

ಅವರಿಬ್ಬರೂ ಗಾಡಿ ತಳ್ಳಿಕೊಂಡು ಹೋದರು. ನಾನು ಕೂತು, ಮಣ್ಣಿನ ಮೇಲೆ ಕೈ ಇಟ್ಟು, ಅವಳಿಗೆ ಧೈರ್ಯ ಹೇಳಿದೆ.