ಲಿನಕ್ಸ್‌ನೊಳಗೆ ಸಿಕ್ಕಿಬಿದ್ದ ಪ್ರಬಂಧ

ರಿಪೇರಿಗೆ ಹೋದಾಗ ಕಂಪ್ಯೂಟರ್ ಒಂದೇ ಕೆಟ್ಟಿರುವ ಮನೆ ನನಗೆ ಸಿಕ್ಕಿದ್ದು ಅಪರೂಪ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು ದಾವಣಗೆರೆಯ ಕೆ.ಬಿ. ಬಡಾವಣೆಯ ಅಂಗಡಿಯೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದಿದ್ದೆ. ಆಗ ಮನೆಗಳಲ್ಲಿ ಕಂಪ್ಯೂಟರಿಗೆ ಪ್ರತ್ಯೇಕ ಕೋಣೆ. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಆ ಮರ್ಯಾದೆ ನೆನೆದರೆ ಈಗಲೂ ನಗು ಬರುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಫೋನಿನಲ್ಲಿ

ಹರಿಹರದ ಗಣಿತದ ಲೆಕ್ಚರರ್ ಒಬ್ಬರ ಕಂಪ್ಯೂಟರಿಗೆ ನಾನೇ ವಿಂಡೋಸ್, ಲಿನಕ್ಸ್ ಎರಡನ್ನೂ ಹಾಕಿಕೊಟ್ಟಿದ್ದೆ. ಶುರುವಾಗುವಾಗ ಯಾವುದು ಬೇಕೆಂದು ಅದು ಕೇಳುತ್ತಿತ್ತು. ಒಂದು ದಿನ ಅವರ ಮಾವನವರ ಫೋನ್ ಬಂತು. ಲಿನಕ್ಸ್ ಶುರುವಾಗುತ್ತಿಲ್ಲ. ಅಳಿಯ ಎರಡು ವರ್ಷದಿಂದ ಬರೆದ ಪಿಎಚ್.ಡಿ. ಪ್ರಬಂಧ ಅದರೊಳಗಿದೆ. ಶನಿವಾರದೊಳಗೆ ಗೈಡ್ ಕೈಗೆ ಕೊಡದಿದ್ದರೆ ಎಲ್ಲಾ ಮುಗಿಯಿತು.

ಫೋನ್ ಹಜಾರದಲ್ಲಿ, ಕಂಪ್ಯೂಟರ್ ಒಳಕೋಣೆಯಲ್ಲಿ. ಮಗಳನ್ನು, ಅಂದರೆ ಲೆಕ್ಚರರ ಹೆಂಡತಿಯನ್ನು, ಅದರ ಮುಂದೆ ನಿಲ್ಲಿಸಿ ಮಾವನವರು ನನ್ನ ಮಾತನ್ನು ಕೂಗಿ ದಾಟಿಸುತ್ತಿದ್ದರು.

"ಸ್ವಿಚ್ ಹಾಕಿದ್ರಾ? ಈಗ ಸ್ಕ್ರೀನ್ ಮೇಲೆ ಏನು ಕಾಣ್ತಿದೆ?"

ಒಳಗಿನಿಂದ ಉತ್ತರ ಬರಲು ಅರ್ಧ ನಿಮಿಷ ಹಿಡಿಯಿತು.

"ಎರಡು ಗಿಳಿ ಅದಾವಂತೆ ನೋಡ್ರಿ."

ಹತ್ತು ನಿಮಿಷ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಗಿಳಿಗಳು ಮಗಳು ಕಸೂತಿ ಹಾಕಿದ್ದ ಕವರಿನ ಮೇಲಿದ್ದವು.

"ಕವರ್ ತೆಗೀಬೇಕೇನು ಅಂತಾಳ್ರಿ. ಅದನ್ನ ಮೊದ್ಲು ಹೇಳ್ಬಾರದಾ!"

ಎರಡು ಯಜಮಾನಿಕೆ

ಬಸ್ಸು ಹತ್ತಿ ಹೋದೆ. ಮಾವನವರು ನಿವೃತ್ತ ಹತ್ತಿ ವ್ಯಾಪಾರಿ. ದಿನವೂ ವಿಂಡೋಸ್‌ನಲ್ಲಿ ಇಸ್ಪೀಟು ಆಡುತ್ತಿದ್ದರು.

"ಹಚ್ಚಿದ ಕೂಡ್ಲೇ ಅದು ಬೇಕಾ ಇದು ಬೇಕಾ ಅಂತ ಕೇಳ್ತಿತ್ತು. ಹೋಟ್ಲು ಮಾಣಿ ಏನ್ರಿ ಅದು? ಪರಿಚಯದವ್ನ ಕರೆಸಿ ವಿಂಡೋಸ್ ಹೊಸದಾಗಿ ಹಾಕಿಸ್ದೆ. ಕೇಳೋದು ನಿಂತ್ಹೋಯ್ತು."

ಆ ಪ್ರಶ್ನೆಯ ಜೊತೆಗೆ ಲಿನಕ್ಸ್‌ಗೆ ಹೋಗುವ ದಾರಿಯೂ ಮುಚ್ಚಿತ್ತು. ಒಳಗಿದ್ದದ್ದು ಒಳಗೇ ಇದೆ, ಬಾಗಿಲು ಮಾತ್ರ ಹೋಗಿದೆ ಎಂದು ವಿವರಿಸಿದೆ.

"ಹೋಗ್ಲಿ ಬಿಡ್ರಿ. ಒಂದು ಮನಿಗೆ ಇಬ್ರು ಯಜಮಾನ್ರು ಯಾಕ?" ಎಂದರು. ಅವರು ಅಳಿಯನ ಮನೆಗೆ ಬಂದು ಅದು ಏಳನೇ ತಿಂಗಳು.

ನೈವೇದ್ಯ

ಬಾಗಿಲು ಮತ್ತೆ ಕೂರಿಸಲು ಒಂದು ಫ್ಲಾಪಿ ಸಾಕಿತ್ತು. ತಂದಿದ್ದೆ. ಹಾಕಿದರೆ ಒಳಗೇ ಹೋಗಲಿಲ್ಲ. ಡ್ರೈವ್ ಬಿಚ್ಚಿದೆ. ಒಳಗೆ ಕಲ್ಲುಸಕ್ಕರೆ, ಕುಂಕುಮ, ಒಂದು ಒಣದ್ರಾಕ್ಷಿ.

"ಆಯುಧಪೂಜೆ ದಿನ ಎಡಿ ಹಿಡಿದೆ ರೀ," ಎಂದರು ಲೆಕ್ಚರರ ಹೆಂಡತಿ. "ಬಾಯಿ ತೆರ್ಕೊಂಡು ಕೂತಿತ್ತು. ಹೆಂಗೆ ಬಿಡಾದು?"

ಆ ಮನೆಯಲ್ಲಿ ಫ್ಲಾಪಿ ಡ್ರೈವನ್ನು ನಿಯಮಿತವಾಗಿ ಬಳಸುತ್ತಿದ್ದವರು ಇರುವೆಗಳು ಮಾತ್ರ.

ಶುಕ್ರವಾರ

ಮರುದಿನ ದಾವಣಗೆರೆಯಿಂದ ಬೇರೆ ಡ್ರೈವ್ ತಂದೆ. ಮನೆಯವರೆಲ್ಲ ಉಗುರು ಕಚ್ಚುತ್ತಿದ್ದರು. ಲೆಕ್ಚರರ್ ಒಬ್ಬರೇ ಶಾಂತ. ಮಂಡಕ್ಕಿ, ಮಿರ್ಚಿ ತರಿಸಿದರು. "ಅವಸರ ಬ್ಯಾಡ್ರಿ ಸರ್, ಚಾ ಕುಡೀರಿ." ಎರಡನೇ ಚಹಾ ಆಯಿತು. ಮೂರನೆಯದು ಬರುವಷ್ಟರಲ್ಲಿ ಲಿನಕ್ಸ್ ಎದ್ದಿತು. ಹೆಂಡತಿ ಬಾಗಿಲಲ್ಲೇ ಕೈ ಮುಗಿದು ಪಾಯಸಕ್ಕೆ ಹಾಲಿಡಲು ಓಡಿದರು.

"ಪಾಸ್‌ವರ್ಡ್ ಹಾಕಿ ಸರ್," ಎಂದೆ.

"ಮರೆತ್ಹೋಗೈತೆ ರೀ."

"ಪರವಾಗಿಲ್ಲ, ಅದಕ್ಕೂ ದಾರಿ ಇದೆ."

ಅವರು ನನ್ನನ್ನು ನೋಡಿದ ರೀತಿಯಲ್ಲಿ ಕೃತಜ್ಞತೆ ಇರಲಿಲ್ಲ. ಪಾಸ್‌ವರ್ಡ್ ಬದಲಿಸಿ ಪ್ರಬಂಧ ತೆರೆದೆ. ಮೊದಲ ಪುಟದಲ್ಲಿ ಶೀರ್ಷಿಕೆ. ಎರಡನೆಯದರಲ್ಲಿ ಅರ್ಪಣೆ. ಆಮೇಲೆ ನಾಲ್ಕು ಪುಟ ಕೃತಜ್ಞತೆಗಳು: ಗೈಡ್‌ಗೆ, ಹೆಂಡತಿಗೆ, ಮಾವನವರಿಗೆ, ಗ್ರಂಥಾಲಯದ ಅಟೆಂಡರಿಗೆ. ಏಳನೇ ಪುಟದಲ್ಲಿ "ಅಧ್ಯಾಯ ಒಂದು" ಎಂದಿತ್ತು. ಎಂಟನೇ ಪುಟ ಇರಲಿಲ್ಲ.

ಅಡುಗೆಮನೆಯಿಂದ ಹೆಂಡತಿ ಕೂಗಿದರು: "ಸಿಕ್ತೇನ್ರಿ? ಎಲ್ಲಾ ಐತಾ?"

ಲೆಕ್ಚರರ್ ಎದ್ದು ಕೋಣೆಯ ಬಾಗಿಲು ಮೆಲ್ಲಗೆ ಮುಂದೆ ಮಾಡಿದರು. ನನ್ನ ಪಕ್ಕ ಬಂದು ಕೂತು ಪಿಸುಗುಟ್ಟಿದರು:

"ಸರ್, ವಿಂಡೋಸ್ ಹಾಕ್ಸಾಕ ನಮ್ಮ ಮಾವ ಕರೆಸಿದ್ರಲ್ಲ, ಆ ಮನುಷ್ಯ ಮಾಡಿದ್ದನ್ನ ನಿಮಗೂ ಮಾಡಾಕ ಬರುತ್ತಾ?"