ಮುಟ್ಟದ ಲೋಹದ ಡಾಕ್ಟರು

ನನ್ನಿಂದ ಪಿಎಚ್.ಡಿ. ಆಗುವ ಮಾತಲ್ಲ ಎಂದು ಮೊದಲು ಸಾರಿದವರು ನನ್ನ ಸೋದರಮಾವ ಕೊಟ್ರಪ್ಪ. ಅವರನ್ನು ದೂರುವಂತಿಲ್ಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮೇಲಾಗಿ ನನ್ನ ವಿಷಯ ಲೋಹ; ಮಾವನದು ಕೊಟ್ಟೂರಿನಲ್ಲಿ ಗುಜರಿ ಅಂಗಡಿ. ಹಳೇ ನಲ್ಲಿಯನ್ನು ಕಲ್ಲಿಗೆ ಬಡಿದು, ಸದ್ದಿನಿಂದಲೇ ಹಿತ್ತಾಳೆ ಹೌದೋ ಅಲ್ಲವೋ ಹೇಳುವ ಮನುಷ್ಯ. ನಾನು ಸೀಟು ಸಿಕ್ಕಿತೆಂದು ಹೇಳಲು ಹೋದಾಗ, "ನಿನ್ನ ಲೋಹದ ಸದ್ದು ಹೆಂಗೈತವ್ವಾ?" ಎಂದು ಕೇಳಿದರು. ಕೇಳಿಲ್ಲ ಎಂದೆ. "ಸದ್ದೂ ಕೇಳಿಲ್ಲಂದ್ರ ನೀ ಡಾಕ್ಟರ್ ಆದಂಗ ಬಿಡು!"

ನನ್ನ ಲೋಹ ಪ್ಲುಟೋನಿಯಂ, ಅಣುಬಾಂಬಿಗೆ ಬಳಸುವ ವಿಕಿರಣದ ಲೋಹ. ಅದರೊಳಗಿನ ಎಲೆಕ್ಟ್ರಾನುಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವುದು ಕೆಲಸ. ಕೆಲವು ಎಲೆಕ್ಟ್ರಾನುಗಳು ತಮ್ಮ ಪರಮಾಣು ಬಿಟ್ಟು ಕದಲುವುದಿಲ್ಲ, ಕೆಲವು ಲೋಹದ ತುಂಬಾ ತಿರುಗುತ್ತವೆ. ಇವುಗಳಲ್ಲಿ ಒಂದಷ್ಟು ಮಾತ್ರ ಹೊಸ್ತಿಲ ಮೇಲೆ ನಿಂತುಬಿಟ್ಟಿವೆ. ಒಳಗೂ ಬರವು, ಹೊರಗೂ ಹೋಗವು. ನನ್ನ ಮಾದರಿ ಒಮ್ಮೆ ಅವನ್ನೆಲ್ಲ ಒಳಗೆ ಕೂಡಿಹಾಕಿತು, ಇನ್ನೊಮ್ಮೆ ಹೊರಗಟ್ಟಿತು. ಎರಡೂ ತಪ್ಪೆಂದರು ನನ್ನ ಗೈಡು. ಹೀಗೆ ಆ ಹೊಸ್ತಿಲು ಕಾಯುತ್ತ ಆರು ವರ್ಷ ಕುಳಿತೆ.

ಅಂತೂ ಮುಗಿಸಿ, ಪ್ರಮಾಣಪತ್ರವನ್ನು ಚೀಲದಲ್ಲಿಟ್ಟುಕೊಂಡು ತಂಬ್ರಹಳ್ಳಿಯ ಮನೆಗೆ ಬಂದ ದಿನ ಅಣ್ಣನ ಮಗಳ ತೊಟ್ಟಿಲು ಕಾರ್ಯ. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ಒಳಕೋಣೆಗೆ ಕಾಲಿಡುವಷ್ಟರಲ್ಲಿ ಅವ್ವ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಅಲ್ಲೇ ನಿಂದ್ರು. ಆ ಕೆಟ್ಟ ಲೋಹ ಮುಟ್ಟಿದ ಕೈ ಅದು. ಎಳಿ ಕೂಸೈತಿ."

"ಯಾರು ಹೇಳಿದ್ರವ್ವಾ?"

"ನಿಮ್ಮ ಮಾವ. ಮುಟ್ಟಿದೋರ ಮೈಯಾಗ ಉಳಕೊಂತೈತಂತ."

ಮಾವ ತೊಟ್ಟಿಲ ಪಕ್ಕದಲ್ಲೇ ಕುಳಿತಿದ್ದರು. "ಈ ಸಲ ಹೆಸರು ಬ್ಯಾರೆ ಯಾರಾರ ಹೇಳಲಿ ಬಿಡವ್ವಾ" ಎಂದರು. ಆ ಮಾತು ಮಾತ್ರ ಸ್ವಲ್ಪ ನಾಟಿತು; ಹೆಸರನ್ನು ತಿಂಗಳಿಂದ ಹುಡುಕಿ ಇಟ್ಟುಕೊಂಡಿದ್ದೆ. ನಿಜ ಹೇಳಿದರೆ ಕೂಸು ಸಿಗುತ್ತದೆ, ಮರ್ಯಾದೆ ಹೋಗುತ್ತದೆ. ನಾನು ಅಣುಬಾಂಬಿನ ಮಗ್ಗುಲಲ್ಲೇ ಕುಳಿತು ದುಡಿಯುತ್ತೇನೆಂದು ಊರವರು ನಂಬಿದ್ದರು. ಆ ನಂಬಿಕೆಯನ್ನು ನಾನೂ ಕೆಡಿಸಲು ಹೋಗಿರಲಿಲ್ಲ. ಹೊಸ್ತಿಲ ಮೇಲೆ ನಿಂತವರ ಕಷ್ಟ ಏನೆಂದು ಈಗ ಲೆಕ್ಕವಿಲ್ಲದೆಯೇ ತಿಳಿಯಿತು.

ಕೂಸು ಒಮ್ಮೆ ಆಕಳಿಸಿತು. ಮರ್ಯಾದೆ ಬಿಟ್ಟೆ.

"ಮಾವಾ, ನಾ ಅದನ್ನ ಮುಟ್ಟೇ ಇಲ್ಲ. ಕಣ್ಣಿಂದ ನೋಡೂ ಇಲ್ಲ. ಎಲ್ಲಾ ಕಂಪ್ಯೂಟರ್‌ನಾಗ."

"ಆರು ವರ್ಷ?"

"ಆರೂ ವರ್ಷ."

"ಬಾಯಿಮಾತು ಬ್ಯಾಡ. ಬರಹದಾಗ ಏನೈತಿ ತೋರ್ಸು."

ಹೊಸ್ತಿಲಾಚೆಯಿಂದಲೇ ಪ್ರಮಾಣಪತ್ರ ಕೊಟ್ಟೆ. ಮಾವ ಅದನ್ನು ಬೆಳಕಿಗೆ ಹಿಡಿದು, ಅಂಚನ್ನು ಉಗುರಿನಿಂದ ಮೀಟಿ, ಅಭ್ಯಾಸಬಲದಿಂದ ಸದ್ದು ಕೇಳಿ, ಕೊನೆಗೆ ಪ್ರಬಂಧದ ಶೀರ್ಷಿಕೆಯ ಮೇಲೆ ಬೆರಳಿಟ್ಟರು.

"ಸೈದ್ಧಾಂತಿಕ ಅಧ್ಯಯನ ಅಂದ್ರ?"

"ಕೈಲೆ ಮುಟ್ಟದಂಗ, ಬರೀ ಲೆಕ್ಕದಾಗ ತಿಳಕೊಳ್ಳೋದು ಮಾವಾ."

ಮಾವ ಅವ್ವನ ಕಡೆ ತಿರುಗಿದರು.

"ಅಕ್ಕಾ, ಕೂಸು ಕೊಡು ಆಕಿ ಕೈಗೆ. ಆರು ವರ್ಷ ಏನೂ ಮುಟ್ಟಿಲ್ಲ ಅಂತ ಯುನಿವರ್ಸಿಟಿಯೋರೇ ಶಿಕ್ಕಾ ಹೊಡದು ಕೊಟ್ಟಾರ."