ಅತ್ತೆಯ ಎರಡು ಗುಳಿಗೆ

ನಮ್ಮ ಸೋದರತ್ತೆಗೆ ಸಹಾಯ ಮಾಡಲು ಹೋಗಿ ಪಾರಾದವರು ಯಾರೂ ಇಲ್ಲ. ಬಸ್ಸಿನಲ್ಲಿ ಯಾರಾದರೂ ಸೀಟು ಬಿಟ್ಟುಕೊಟ್ಟರೆ, "ನನ್ ಕಾಲೇನು ಮುರದೈತಾ?" ಎಂದು ಕೇಳಿ ಜಗಳೂರಿನವರೆಗೂ ನಿಂತೇ ಬರುವಾಕೆ. ಬಿಟ್ಟುಕೊಟ್ಟವನೂ ಕೂರಲಾರದೆ ನಿಂತೇ ಬರಬೇಕು! ಖಾಲಿ ಸೀಟು ಇಬ್ಬರನ್ನೂ ನೋಡುತ್ತಿರುತ್ತದೆ.

ಮದುವೆಯಾಗದೆ ಜಗಳೂರಿನಲ್ಲಿ ಒಬ್ಬಳೇ ಇರುವ ಈ ಅತ್ತೆಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಯಾರಿಗೂ ಹೇಳದೆ ದಾವಣಗೆರೆಗೆ ಹೋಗಿ, ಆಪರೇಷನ್ ಮಾಡಿ ಎಂದಳಂತೆ. ಜೊತೆಗೆ ಯಾರಾದರೂ ಇರಲೇಬೇಕೆಂದು ಆಸ್ಪತ್ರೆಯವರು ಹಟ ಹಿಡಿದರು. ಹಟದಲ್ಲಿ ಅತ್ತೆ ಸೋತದ್ದು ಅದೊಂದೇ ಸಲ. ನರ್ಸ್ ಫೋನ್ ಮಾಡಿದಾಗ ನಾನು ನಮ್ಮೂರು ತ್ಯಾವಣಿಗೆಯಿಂದ ಓಡಿದೆ. ಅತ್ತೆ ನನ್ನನ್ನು ನೋಡಿ ಗೋಡೆಯ ಕಡೆ ತಿರುಗಿ ಮಲಗಿದಳು.

ಆಪರೇಷನ್ ಸುಸೂತ್ರವಾಗಿ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ ನೋವಿಗೆಂದು ಎರಡು ಬಗೆಯ ಗುಳಿಗೆ ಬರೆದರು. ಅದರಲ್ಲೊಂದು ಪ್ಯಾರಾಸಿಟಮಾಲ್ ಎಂದು ತಿಳಿದದ್ದೇ ತಡ, ಅತ್ತೆಗೆ ಅವಮಾನವಾಯಿತು. ಹೊಟ್ಟೆ ಕೊಯ್ಯಿಸಿಕೊಂಡವಳಿಗೆ ಜ್ವರದ ಗುಳಿಗೆಯೇ? ಪಕ್ಕದ ಹಾಸಿಗೆಯವರಿಗೆ ಮಂಪರು ಬರುವ ಇಂಜೆಕ್ಷನ್ ಕೊಟ್ಟರಲ್ಲ, ಅದು ತನಗೇಕಿಲ್ಲ?

"ನಿಮಗೆ ಅದು ಬೇಕಾಗಲ್ಲಮ್ಮ," ಎಂದರು ಡಾಕ್ಟರಮ್ಮ. "ಇವೆರಡೂ ಬೇರೆ ಬೇರೆ ಥರ ಕೆಲಸ ಮಾಡ್ತವೆ. ಒಂದರಿಂದ ಆಗದ್ದು ಎರಡೂ ಸೇರಿದ್ರೆ ಆಗುತ್ತೆ. ಊಟ ಆದ್ಮೇಲೆ ಎರಡೂ ತಗಳ್ರಿ."

ಅತ್ತೆ ತಲೆಯಾಡಿಸಿದಳು. ಮನೆಗೆ ಬಂದವಳೇ ಒಂದನ್ನಷ್ಟೇ ನುಂಗಿ, ಆ ಜ್ವರದ ಗುಳಿಗೆಗಳನ್ನೆಲ್ಲ ಪಕ್ಕದ ಮನೆಯ ಅಜ್ಜಿಯ ಮಂಡಿನೋವಿಗೆ ದಾನ ಮಾಡಿದಳು. ಸಹಾಯ ಪಡೆಯುವುದು ತಪ್ಪೇ ಹೊರತು ಮಾಡುವುದು ತಪ್ಪಲ್ಲವಲ್ಲ! ನಾನು ಓಡಿಹೋಗಿ, ಅಜ್ಜಿ ನುಂಗುವ ಮೊದಲೇ ಬೇಡಿಕೊಂಡು ವಾಪಸು ತಂದೆ. ಬರುವಷ್ಟರಲ್ಲಿ ಅತ್ತೆ ಒಲೆಯ ಪಕ್ಕ ಹೊಟ್ಟೆ ಹಿಡಿದುಕೊಂಡು ಕುಸಿದಿದ್ದಳು. ನೋವೇ ಎಂದು ಕೇಳಿದರೆ, ಇಲ್ಲ, ಸುಮ್ಮನೆ ಕೂತಿದ್ದೇನೆ ಎಂದಳು. ಹಣೆಯ ಮೇಲೆ ಬೆವರಿತ್ತು.

ರಾತ್ರಿ ನಾನು ಮೆತ್ತನೆಯ ಅನ್ನ ಮಾಡಿ ಉಣ್ಣಿಸಿ, ಎರಡೂ ಗುಳಿಗೆಗಳನ್ನು ಅಂಗೈಗೆ ಹಾಕಿದೆ. ಅತ್ತೆ ಬಹಳ ಹೊತ್ತು ಅವನ್ನೇ ನೋಡಿದಳು.

"ಇವಕ್ಕೂ ಜೊತೆ ಬೇಕಂತಲ್ಲಪ್ಪ," ಎಂದು ಹೇಳಿ ಎರಡನ್ನೂ ನುಂಗಿದಳು.

ಅಂದಿನಿಂದ ತಕರಾರಿಲ್ಲದೆ ಎರಡನ್ನೂ ತೆಗೆದುಕೊಂಡಳು. ನೋವು ಇಳಿಯಿತು, ಎದ್ದು ಓಡಾಡಿದಳು, ನಾನು ಮಾಡಿದ ಸಾರಿಗೆ ಹೆಸರಿಟ್ಟಳು. ಇನ್ನು ಚಿಂತೆಯಿಲ್ಲವೆಂದು ನಾನು ಊರಿಗೆ ಹೊರಟೆ. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಹೊಸ್ತಿಲಿಗೆ ಬಂದು ನಿಂತಳು. ಬೀದಿಯ ಕಡೆ ನೋಡುತ್ತ, ಯಾರನ್ನೋ ಕೇಳುವಂತೆ ಕೇಳಿದಳು:

"ನಾಳೆ ಬಸ್ ಇರಲ್ಲೇನು?"

ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ.